ಜರ್ಮನಿಯಲ್ಲಿ ಚಿಮಣಿ ತಪಾಸಣೆ: ಕೆಲವು ಚಳಿಗಾಲಗಳ ಅನುಭವ

ಸ್ಟುಟ್‌ಗಾರ್ಟ್ ಹತ್ತಿರ ನಾವು ಕೊಂಡ ಹಳೇ ಮನೆಯಲ್ಲಿ ಚಳಿ ಕಾಯಿಸುವ ಸೌದೆ ಒಲೆ ಇದೆ. ಒಲೆ ಇದ್ದಮೇಲೆ ಶೋರ್ನ್‌ಸ್ಟೈನ್‌ಫೆಗರ್ (ಚಿಮಣಿ ಗುಡಿಸುವವರು) ಬರಲೇಬೇಕು, ಇಲ್ಲಿ ಅದು ಕಾನೂನು. 2013ರಿಂದ ಗುಡಿಸುವ ಕೆಲಸವನ್ನು ಬೇಕಾದ ಅರ್ಹರಿಗೆ ಕೊಡಬಹುದು. ಆದರೆ ಏಳು ವರ್ಷದಲ್ಲಿ ಎರಡು ಸಲ ನಡೆಯುವ ಪೂರ್ಣ ತಪಾಸಣೆಗೆ ಆಯಾ ಪ್ರದೇಶಕ್ಕೆ ನೇಮಕವಾದವರೇ ಬರಬೇಕು.

ನಾನು ಎರಡೂ ಬಗೆ ನೋಡಿದ್ದೇನೆ. ಒಂದು ವರ್ಷ ಕಡಿಮೆ ದುಡ್ಡಿಗೆ ಕರೆಸಿದ ಸಂಸ್ಥೆಯವರು ಮೇಲಿಂದ ಬ್ರಷ್ ಬಿಟ್ಟು, ಮಸಿ ತೆಗೆದು, ಬಿಲ್ ಕೊಟ್ಟು ಹೋದರು. ಅಷ್ಟೇ. ನಮ್ಮ ಪ್ರದೇಶಕ್ಕೆ ನೇಮಕವಾದವರು ಹಾಗಲ್ಲ. ನೆಲಮಾಳಿಗೆಯಲ್ಲಿರುವ ಚಿಮಣಿಯ ಪುಟ್ಟ ಬಾಗಿಲು ತೆಗೆದು, ಮೊದಲು ಕನ್ನಡಿ ಹಿಡಿದು ಮೇಲಿನ ಆಕಾಶ ಕಾಣುತ್ತದಾ ನೋಡುತ್ತಾರೆ. ಆಮೇಲೆ ಮಸಿಯನ್ನು ಬೆರಳಲ್ಲಿ ಉಜ್ಜುತ್ತಾರೆ. ಒಣಗಿ ಪುಡಿಯಾದರೆ ಸರಿ. ಡಾಂಬರಿನ ಹಾಗೆ ಹೊಳೆದರೆ ಸೌದೆ ಹಸಿ ಇದೆ, ಇಲ್ಲವೇ ಗಾಳಿ ಕಿಂಡಿ ಮುಚ್ಚಿ ಉರಿಸುತ್ತಿದ್ದೀರಿ ಎಂದು ಅರ್ಥ. ಆ ಪದರಕ್ಕೆ ಬೆಂಕಿ ಹತ್ತಿದರೆ ಚಿಮಣಿಯೇ ಉರಿಯುತ್ತದೆ. ಸೌದೆರಾಶಿಗೂ ತೇವಾಂಶ ಅಳೆಯುವ ಮೀಟರ್ ಚುಚ್ಚುತ್ತಾರೆ.

ನನಗೆ ನಿಜಕ್ಕೂ ಹಿಡಿಸಿದ್ದು ಅವರು ಅಡುಗೆಮನೆಗೆ ನುಗ್ಗಿದ್ದು. ನಮ್ಮದು ಓಪನ್ ಕಿಚನ್. ಒಗ್ಗರಣೆ ಘಾಟು ಹೊರಗೆ ಹೋಗಲೆಂದು ಎಕ್ಸಾಸ್ಟ್ ಫುಲ್ ಸ್ಪೀಡಿನಲ್ಲಿ ಓಡುತ್ತಿರುತ್ತದೆ. "ಕಿಟಕಿ ಎಲ್ಲ ಮುಚ್ಚಿ, ಅದನ್ನು ಪೂರ್ತಿ ಹಾಕಿ" ಎಂದರು. ಮೀಟರಿನ ಕೊಳವೆ ಹಿಡಿದು ಮನೆಯೊಳಗಿನ ಒತ್ತಡ ಅಳೆದರು. ಹೊರಗಿನದಕ್ಕಿಂತ ನಾಲ್ಕು ಪಾಸ್ಕಲ್‌ಗೂ ಹೆಚ್ಚು ಇಳಿದರೆ ಒಲೆಯ ಹೊಗೆ ಮೇಲೇರುವ ಬದಲು ಕೋಣೆಗೇ ವಾಪಸ್ ಬರಬಹುದಂತೆ. ಅದರ ಜೊತೆ ಬಣ್ಣ, ವಾಸನೆ ಏನೂ ಇಲ್ಲದ ಕಾರ್ಬನ್ ಮಾನಾಕ್ಸೈಡ್. ನಮ್ಮಲ್ಲಿ ಮುಳ್ಳು ಆ ಗಡಿ ದಾಟಿತು. ಕಿಟಕಿಗೆ ಸ್ವಿಚ್ ಹಾಕಿಸಲು ಹೇಳಿದರು. ಈಗ ಕಿಟಕಿ ತೆರೆದರಷ್ಟೇ ಎಕ್ಸಾಸ್ಟ್ ಓಡುತ್ತದೆ. ಜನವರಿಯಲ್ಲಿ ಸಾಸಿವೆ ಸಿಡಿಸುವಾಗ ಬೆನ್ನಿಗೆ ಚಳಿ ಹೊಡೆಯುತ್ತದೆ, ಮನೆಯಾಕೆ ಗೊಣಗುವುದೂ ನಿಂತಿಲ್ಲ. ಇದ್ದಿಲು ಫಿಲ್ಟರಿನ, ಗಾಳಿ ಹೊರಗೆ ಬಿಡದ ಎಕ್ಸಾಸ್ಟೂ ಒಂದು ದಾರಿ. ಆದರೆ ಒಣಮೆಣಸಿನಕಾಯಿ ಹುರಿಯುವ ಮನೆಗೆ ಅದು ಸಾಲದು ಎನ್ನುವುದು ನನ್ನ ಅಭಿಪ್ರಾಯ.

ಬ್ರಷ್ಷಿನವರನ್ನು ಅಳೆಯಲು ನನಗೀಗ ಇದೇ ಅಳತೆಗೋಲು: ಚಿಮಣಿಯಿಂದಾಚೆ, ಮನೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೋ ಇಲ್ಲವೋ. ಕಿಡಿ ಬಿದ್ದು ನೆಲ ಸುಡದಿರಲೆಂದು ಒಲೆ ಮುಂದೆ ಹಾಸಿದ ಗಾಜಿನ ಹಲಗೆ ಎದುರಿಗೆ 50, ಪಕ್ಕಕ್ಕೆ 30 ಸೆಂಟಿಮೀಟರ್ ಇದೆಯಾ ಎಂದು ಇವರು ಟೇಪ್ ಹಿಡಿದದ್ದನ್ನೂ ಲೆಕ್ಕಕ್ಕೆ ತಗೊಳ್ಳಿ.

ತಕರಾರು ಇಲ್ಲವೆಂದಲ್ಲ. ಭೇಟಿ ಕೆಲಸದ ದಿನ ಬೆಳಿಗ್ಗೆಯೇ, ರಜೆ ಹಾಕಬೇಕು. ಪೂರ್ಣ ತಪಾಸಣೆಯ ಶುಲ್ಕ ಸರ್ಕಾರ ಗೊತ್ತುಮಾಡಿದ್ದು, ಚೌಕಾಸಿ ನಡೆಯದು. ಮಾತು ಈ ಕಡೆಯ ಸ್ವಾಬಿಯನ್ ಉಪಭಾಷೆಯಲ್ಲಿ, ಎರಡೆರಡು ಸಲ ಕೇಳಬೇಕು. ನನ್ನ ರೇಟಿಂಗಿನಲ್ಲಿ ಅರ್ಧ ಸ್ಟಾರ್ ಅಲ್ಲಿ ಹೋಯಿತು, ಅವರಿಗೆ ಐದಕ್ಕೆ ನಾಲ್ಕೂವರೆ.

ಒಲೆ ಇರುವ ಮನೆ ಕೊಳ್ಳುವವರು ಹಿಂದಿನ ಮಾಲೀಕರಿಂದ ಫಾಯರ್‌ಷ್ಟೆಟನ್‌ಬೆಷೈಡ್ ಎಂಬ ಪತ್ರ ಕೇಳಿ ಪಡೆಯಿರಿ. ಯಾವ ಕೆಲಸ, ಯಾವ ತಾರೀಖಿನೊಳಗೆ ಆಗಬೇಕೆಂದು ಅದರಲ್ಲೇ ಬರೆದಿರುತ್ತದೆ.