ನೀಲಿ, ಮಲ್ಲಿಗೆ, ಕಾಳವ್ವ: ಕಲಬುರಗಿ ಮನೆಗೆ ಯಾವ ಬೆಕ್ಕು?

ಸಯಾಮೀಸ್ ಬೆಕ್ಕು ನಮ್ಮ ಬಿಸಿಲಿಗೆ ತಡೆಯುತ್ತದೆಯೇ ಎಂದು ಓಣಿಯಲ್ಲಿ ಮೇಲಿಂದ ಮೇಲೆ ಕೇಳುತ್ತಾರೆ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಸಯಾಮೀಸ್ ನೀಲಿ ಇದ್ದಾಳೆ. ಅವಳಿಗಿಂತ ಮೊದಲೇ ಬಂದವಳು ಊರಬೆಕ್ಕು ಕಾಳವ್ವ. ನನ್ನ ತಮ್ಮ ಪುಣೆಗೆ ಹೋದಾಗ ಅವನ ಪರ್ಷಿಯನ್ ಬೆಕ್ಕು ಮಲ್ಲಿಗೆ ಎರಡು ಬೇಸಿಗೆ ನಮ್ಮಲ್ಲೇ ಇತ್ತು. ಮೂರನ್ನೂ ಸಾಕಿದ್ದರಿಂದ ಹೇಳುತ್ತಿದ್ದೇನೆ.

ಬಿಸಿಲಿನ ಮಾತಿಗೆ ಬಂದರೆ ಪರ್ಷಿಯನ್ ನಮ್ಮ ಊರಿಗೆ ಬೇಡ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಮಲ್ಲಿಗೆಯ ಮೈಮೇಲೆ ಕಂಬಳಿಯಷ್ಟು ಕೂದಲು, ಮೂಗು ಚಪ್ಪಟೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಕೂಲರ್ ನಿಂತಾಗ ಅದು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಒದ್ದೆ ಬಟ್ಟೆಯಿಂದ ಪಾದ, ಕಿವಿ ಒರೆಸುತ್ತ ಅವ್ವ ಒಂದು ತಾಸು ಕೂತಿದ್ದಳು. ಇದರ ಮೇಲೆ ದಿನಾ ಬಾಚಣಿಕೆ, ದಿನಾ ಕಣ್ಣೀರ ಕಲೆ ಒರೆಸುವುದು. ಸ್ವಭಾವ ಮಾತ್ರ ಬಂಗಾರ. ಇಟ್ಟಲ್ಲೇ ಇರುವ ಜೀವ.

ನೀಲಿಯದು ಗಿಡ್ಡ, ನುಣ್ಣನೆಯ ಕೂದಲು. ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡು ಮಲಗುತ್ತಾಳೆ. ವಾರಕ್ಕೊಮ್ಮೆ ಒದ್ದೆ ಕೈ ಆಡಿಸಿದರೆ ಉದುರುವ ಕೂದಲೆಲ್ಲ ಬಂದುಬಿಡುತ್ತದೆ. ಮೈ ಕೆನೆಬಣ್ಣ, ಮುಖ, ಕಿವಿ, ಪಾದ, ಬಾಲ ಕಡುಗಂದು, ಕಣ್ಣು ಅಚ್ಚ ನೀಲಿ. ರಾತ್ರಿ ಟಾರ್ಚ್ ಬಿಟ್ಟರೆ ಕಾಳವ್ವನ ಕಣ್ಣು ಹಸಿರಾಗಿ ಹೊಳೆಯುತ್ತವೆ, ನೀಲಿಯವು ಕೆಂಪಾಗಿ.

ಈ ಬಣ್ಣದ ಗುಟ್ಟು ನನಗೆ ತಿಳಿದದ್ದು ಅವಳ ಆಪರೇಷನ್ ಆದಮೇಲೆ. ಮಕ್ಕಳಾಗದಂತೆ ಮಾಡಿಸುವಾಗ ಪಕ್ಕೆಯ ಕೂದಲು ಬೋಳಿಸಿದ್ದರು. ಹೊಸ ಕೂದಲು ಕಂದು ಬಣ್ಣದಲ್ಲಿ ಬಂತು! ಗಾಯ ಕೆಟ್ಟಿತೇನೋ ಎಂದು ಗಾಬರಿಯಾಗಿ ಓಡಿದಾಗ ಡಾಕ್ಟರು ಬಿಡಿಸಿ ಹೇಳಿದರು. ಈ ತಳಿಯಲ್ಲಿ ಬಣ್ಣ ಮಾಡುವ ಕಿಣ್ವ ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿರುವ ತುದಿಗಳಲ್ಲಿ ಮಾಡುತ್ತದೆ. ಬೋಳಿಸಿದ ಚರ್ಮ ತಣ್ಣಗಾಗಿತ್ತು, ಅಷ್ಟೇ. ಮುಂದಿನ ಸಲ ಕೂದಲು ಉದುರಿ ಹುಟ್ಟಿದಾಗ ಕಲೆ ಮಾಯ. ತಾಯಿಯ ಹೊಟ್ಟೆ ಬೆಚ್ಚಗಿರುವುದರಿಂದಲೇ ಮರಿಗಳು ಬೆಳ್ಳಗೆ ಹುಟ್ಟಿ, ಆಮೇಲೆ ಕಿವಿ, ಮೂತಿ ಕಪ್ಪಾಗುತ್ತವೆ. ಎರಡು ತಿಂಗಳಾದರೂ ಪೂರಾ ಬಿಳಿಯಾಗಿರುವ ಮರಿಯನ್ನು ಸಯಾಮೀಸ್ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಸಯಾಮ್ ಎಂದರೆ ಇಂದಿನ ಥಾಯ್ಲೆಂಡ್. 1884ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ದೂತಾವಾಸದ ಅಧಿಕಾರಿಯೊಬ್ಬ ತನ್ನ ತಂಗಿಗೆಂದು ಒಂದು ಜೋಡಿಯನ್ನು ಇಂಗ್ಲೆಂಡಿಗೆ ಒಯ್ದಿದ್ದ. ಪ್ರದರ್ಶನಗಳಲ್ಲಿ ಕಾಣುವ ಚೂಪು ಮೂತಿ, ಅಗಲ ಕಿವಿ ನಂತರದ ತಳಿಗಾರರ ಕೆಲಸ. ನೀಲಿಯ ಮುಖ ಹಳೆ ನಮೂನೆಯದು, ದುಂಡಗೆ. ನನಗೆ ಅದೇ ಚೆಂದ.

ಇನ್ನು ದನಿ. ಕಾಳವ್ವ ಹಸಿದಾಗ ಒಮ್ಮೆ ಮಿಯಾಂವ್ ಅಂದರೆ ಮುಗಿಯಿತು. ನೀಲಿಗೆ ಬಾಗಿಲು ತೆಗೆದರೂ ಮಾತು, ಹಾಕಿದರೂ ಮಾತು. ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಗೋಡೆ ಮೇಲಿಂದ, "ಅಕ್ಕಾ, ಯಾರ ಕೂಸು ಬಂದದ? ರಾತ್ರೆಲ್ಲಾ ಅಳಲಾಕತ್ತದಲ್ಲ" ಅಂದರು. ನಾನು ರೊಟ್ಟಿ ಬಡಿಯಲು ಕೂತರೆ ಮೊಣಕಾಲಿಗೆ ಒರಗಿ ಕೂತು, ಬಡಿತ ನಿಂತ ಕೂಡಲೇ ತಲೆಯೆತ್ತಿ ಏನೋ ಕೇಳುತ್ತಾಳೆ. ಉತ್ತರ ಕೊಡುವವರೆಗೆ ಬಿಡುವುದಿಲ್ಲ. ಅಷ್ಟು ಹಚ್ಚಿಕೊಳ್ಳುವ ಬೆಕ್ಕನ್ನು ನಾನು ಬೇರೆ ಕಂಡಿಲ್ಲ.

ಅದೇ ಅವಳ ಕಷ್ಟವೂ ಹೌದು. ಬೀದರಿನ ಮದುವೆಗೆ ಮೂರು ದಿನ ಹೋಗಿದ್ದೆವು. ಊಟ, ನೀರು ಪಕ್ಕದವರು ಇಟ್ಟಿದ್ದರು. ಕಾಳವ್ವ ಹೆರಿಗೆಗೆಂದು ಹಿತ್ತಲ ಶೆಡ್ ಸೇರಿದ್ದಳು, ಮನೆಯೊಳಗೆ ನೀಲಿ ಒಬ್ಬಳೇ. ತಿರುಗಿ ಬಂದು ನೋಡಿದರೆ ಹೊಟ್ಟೆಯ ಕೂದಲನ್ನೆಲ್ಲ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದ್ದಳು. ಆ ದಿನ ನನಗಾದ ಸಂಕಟ ಹೇಳತೀರದು.

ತೊಗರಿ ಚೀಲಗಳ ನಡುವೆ ಇಲಿ ಹಿಡಿಯುವುದರಲ್ಲಿ ಕಾಳವ್ವನೇ ಮುಂದು. ಖರ್ಚಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಬೀಗ ಹಾಕಿ ಸಂಜೆ ತೆಗೆಯುವ ಮನೆಯಾದರೆ ಓಣಿಯ ಮರಿಯೊಂದನ್ನೇ ಸಾಕಿರಿ. ಮನೆಯಲ್ಲಿ ಯಾರಾದರೂ ಇರುತ್ತಾರೆ, ಮಾತಿಗೆ ಬೇಸರಿಲ್ಲ ಎಂದರೆ ಸಯಾಮೀಸ್ ತನ್ನಿ, ಜೊತೆಗೆ ಇನ್ನೊಂದು ಬೆಕ್ಕೂ ಇರಲಿ. ಬೀದರಿನಿಂದ ಬಂದ ಮೇಲೆ ಕಾಳವ್ವನ ಮರಿಯೊಂದನ್ನು ನಾವು ಮನೆಯೊಳಗೇ ಉಳಿಸಿಕೊಂಡೆವು. ನೀಲಿಯ ಹೊಟ್ಟೆಯ ಕೂದಲು ಈಗ ಮತ್ತೆ ತುಂಬಿದೆ.