ಎನಾಮೆಲ್ ಚಿತ್ರವಿರುವ ಚಿನ್ನದ ಪಾಕೆಟ್ ವಾಚ್ ಕೊಳ್ಳುವ ಮುಂಚೆ ಇದನ್ನು ಓದಿ

ಯುರೋಪಿನ ಹಳೆ ಸಾಮಾನಿನ ಅಂಗಡಿಯೊಂದರಿಂದ ಆನ್‌ಲೈನಿನಲ್ಲಿ ಒಂದು ಪಾಕೆಟ್ ವಾಚ್ ತರಿಸಿದೆ. ವಿವರಣೆ ಹೀಗಿತ್ತು: ಜಿನೀವಾ, ಸುಮಾರು 1800, 18 ಕ್ಯಾರೆಟ್ ಚಿನ್ನ, ಹಿಂಬದಿಯಲ್ಲಿ ಎನಾಮೆಲ್ ಚಿತ್ರ. ಗ್ರೀಕ್ ಪುರಾಣದ ದೃಶ್ಯ: ಬಂಡೆಗೆ ಕಟ್ಟಿಹಾಕಿದ ರಾಜಕುಮಾರಿ ಆಂಡ್ರೊಮಿಡಾ, ಕೆಳಗೆ ಸಮುದ್ರದ ರಾಕ್ಷಸ, ಅವಳನ್ನು ಬಿಡಿಸಲು ಹಾರಿ ಬರುತ್ತಿರುವ ವೀರ ಪರ್ಸಿಯಸ್. 'ಎನಾಮೆಲ್ ರಿಪೇರಿ ಆಗಿದೆಯಾ?' ಅಂತ ಮೇಲ್‌ನಲ್ಲೇ ಕೇಳಿದ್ದೆ. 'ಇಲ್ಲ, ಮೊದಲಿನ ಹಾಗೇ ಇದೆ' ಎಂದು ಉತ್ತರ ಬಂತು. ಆ ಉತ್ತರ ಸುಳ್ಳು.

ಎನಾಮೆಲ್ ಅಂದರೆ ಬಣ್ಣದ ಗಾಜಿನ ಪುಡಿ. ಅದನ್ನು ಲೋಹದ ಮೇಲೆ ಹಚ್ಚಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಕೂರಿಸುತ್ತಾರೆ. ಜಿನೀವಾದ ಕಲಾವಿದರು ಚಿತ್ರ ಬರೆದು, ಹಲವು ಸಲ ಕುಲುಮೆಗಿಟ್ಟು, ಕೊನೆಗೆ ಮೇಲೊಂದು ಪಾರದರ್ಶಕ ಗಾಜಿನ ಪದರ ಕೊಡುತ್ತಿದ್ದರು. ಆ ಆಳ, ಆ ಹೊಳಪು ಬರುವುದು ಅದರಿಂದಲೇ. ಆದರೆ ವಾಚು ಕೆಳಗೆ ಬಿದ್ದು ಚಕ್ಕೆ ಎದ್ದರೆ ಕಷ್ಟ. ಇಷ್ಟು ಹಳೆಯ ತುಣುಕನ್ನು ಮತ್ತೆ ಕುಲುಮೆಗಿಟ್ಟರೆ ಉಳಿದ ಚಿತ್ರವೂ ಬಿರುಕು ಬಿಡಬಹುದು. ಅದಕ್ಕೇ ಬಹಳ ಮಂದಿ ಆ ಜಾಗಕ್ಕೆ ರೆಸಿನ್ ತುಂಬಿ, ಮೇಲೆ ಬಣ್ಣ ಬಳಿದು ಪಾಲಿಶ್ ಮಾಡುತ್ತಾರೆ. ಹಾಗೆ ಮಾಡುವುದು ತಪ್ಪಲ್ಲ, ಮುಚ್ಚಿಟ್ಟು ಪೂರ್ತಿ ಬೆಲೆಗೆ ಮಾರುವುದು ಮೋಸ.

ನನ್ನ ವಾಚನ್ನು ಹಳೆ ಗಡಿಯಾರ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಅವರು ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರು. ರಾಕ್ಷಸನ ಬಾಲದಿಂದ ಅಂಚಿನವರೆಗಿನ ಸಮುದ್ರ ಉಳಿದ ಚಿತ್ರಕ್ಕಿಂತ ಬೇರೆಯಾಗಿ, ಮಬ್ಬು ಬೆಳ್ಳಗೆ ಹೊಳೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಕುಂಚದ ಗೆರೆಗಳು ಮೇಲ್ಮೈಯಲ್ಲೇ ಕೂತಿವೆ. ಪರ್ಸಿಯಸ್‌ನ ಮುಖದಲ್ಲಾದರೆ ಬಣ್ಣ ಗಾಜಿನ ಒಳಗಿದೆ. ಎಂಥ ಚಂದದ ಮುಖ ಅದು! ಅದನ್ನು ನೋಡಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಇನ್ನೊಂದು ಸಂಗತಿ. ಕೇಸಿನ ಒಳಗೆ ಹೆಲ್ವೇಷಿಯಾಳ, ಅಂದರೆ ಸ್ವಿಟ್ಜರ್ಲೆಂಡಿನ ಸಂಕೇತವಾದ ಹೆಣ್ಣಿನ, ತಲೆಯ ಸಣ್ಣ ಮುದ್ರೆ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಚಿನ್ನಕ್ಕೆ ಆ ಮುದ್ರೆ ಬಂದಿದ್ದೇ 1880ರ ಕಾನೂನಿನ ನಂತರ. ಒಂದೋ ಕೇಸು ಆಮೇಲಿನದು, ಇಲ್ಲವೇ ಮುದ್ರೆ ಆಮೇಲೆ ಬಿದ್ದಿದೆ. ವಿವರಣೆಯಲ್ಲಿ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹಳೆಯ ಯಂತ್ರಕ್ಕೆ ಬೇರೆ ಕೇಸು ಕೂಡಿಸಿ ಮಾರುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ದಯವಿಟ್ಟು ದುಡ್ಡು ಕಳಿಸುವ ಮುಂಚೆ ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ನೇರ ಬೆಳಕಿನ ಫೋಟೋದಲ್ಲಿ ತೇಪೆ ಕಾಣುವುದೇ ಇಲ್ಲ. ಯುವಿ ಬೆಳಕಿನದು, ಕೇಸಿನ ಒಳಗಿನ ಮುದ್ರೆಗಳದು, ಯಂತ್ರದ್ದು, ಎಲ್ಲವೂ ಬೇಕು. ಯಂತ್ರ ಮತ್ತು ಕೇಸಿನ ಮೇಲೆ ನಂಬರ್ ಇದ್ದರೆ ತಾಳೆ ನೋಡಿ. 'ರಿಪೇರಿ ಆಗಿಲ್ಲ, ಸುಳ್ಳಾದರೆ ಪೂರ್ತಿ ಹಣ ವಾಪಸ್' ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಫೋಟೋ ಕೊಡಲು ಸಬೂಬು ಹೇಳಿದರೆ ಅಲ್ಲಿಗೇ ಬಿಡಿ. ಜಿನೀವಾ ಕಡೆ ಹೋದರೆ ಪಾಟೆಕ್ ಫಿಲಿಪ್ ಮ್ಯೂಸಿಯಂ ತಪ್ಪಿಸಬೇಡಿ. ಅಸಲಿ ಎನಾಮೆಲ್ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಅಂಗಡಿಯವರು ಮೊದಲು 'ಹಳೆ ವಸ್ತು, ಇದ್ದ ಹಾಗೇ ಮಾರಿದ್ದೇವೆ' ಎಂದರು. ಆ ಮೇಲ್ ಇಟ್ಟುಕೊಂಡು ಕಾರ್ಡ್ ಕಂಪನಿಗೆ ದೂರು ಕೊಟ್ಟ ಮೇಲೆ ವಾಚಿನ ಬೆಲೆ ವಾಪಸ್ ಬಂತು. ಸಾಗಣೆ, ವಿಮೆ, ಪರೀಕ್ಷೆಯ ಖರ್ಚು ಹೋಯಿತು. ಈಗ ಅದೇ ವಾಚನ್ನು, ಅದೇ ವಿವರಣೆಯ ಜೊತೆ ಮತ್ತೆ ಮಾರಾಟಕ್ಕೆ ಹಾಕಿದ್ದಾರೆ. ಆಂಡ್ರೊಮಿಡಾ ಚಿತ್ರದ ವಾಚು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ರಾಕ್ಷಸನ ಬಾಲದ ಹತ್ತಿರದ ಸಮುದ್ರ ನೋಡಿ.