ಒಂದು ಗಳವೋ, ಎರಡು ಗೂಟವೋ, ಸುಮ್ನೆ ಬಿಡೋದೋ: ಒಂಬತ್ತು ಸಸಿಗಳಲ್ಲಿ ನಾನು ನೋಡಿದ್ದು

ಅಣ್ಣಿಗೇರಿ ಹತ್ತಿರ ನಮಗೆ ಸ್ವಲ್ಪ ಎರೆ ಹೊಲ (ಕಪ್ಪು ಮಣ್ಣು) ಇದೆ. ಮನೆ ಇರುವುದು ಧಾರವಾಡದಲ್ಲಿ, ಕೆಲಗೇರಿ ಕಡೆ. ಇಲ್ಲಿ ಕೆಂಪು ಮಣ್ಣು. ಎರಡು ವರ್ಷದ ಹಿಂದೆ ಮಿರಗ ಮಳೆ (ಜೂನ್ ತಿಂಗಳ ಮೃಗಶಿರಾ) ಬಿದ್ದ ಮೇಲೆ ಹೊಲದ ಬದುವಿಗೆ ಆರು ಬೇವು ಹಚ್ಚಿದೆ. ಮನೆ ಹಿತ್ತಲಿಗೆ ಎರಡು ಹೊಂಗೆ, ಒಂದು ಆಪೂಸ್ ಮಾವಿನ ಕಸಿ. ಆಸರೆ ಹೇಗೆ ಕೊಡಬೇಕು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ಬೇವಿನ ಆರರಲ್ಲಿ ಎರಡಕ್ಕೆ ಒಂದೇ ಗಳ, ಎರಡಕ್ಕೆ ಎರಡೆರಡು ಗೂಟ, ಉಳಿದೆರಡಕ್ಕೆ ಏನೂ ಇಲ್ಲ. ಸಸಿಗಳು ಎಲ್ಲಾ ಹೆಚ್ಚುಕಡಿಮೆ ನಾಲ್ಕೂವರೆ ಅಡಿ.

ಮೊದಲು ಒಂಟಿ ಗಳದ ಕತೆ. ಎಲ್ಲರೂ ಮಾಡುವುದು ಇದನ್ನೇ. ಸಸಿ ಪಕ್ಕದಲ್ಲೇ ಆಳೆತ್ತರದ ಬಿದಿರು ಗಳ ನೆಟ್ಟು, ಪ್ಲಾಸ್ಟಿಕ್ ಸುತಳಿಯಿಂದ ಮೂರು ಕಡೆ ಬಿಗಿದೆ. ನೋಡಲಿಕ್ಕೆ ಬಹಳ ಚೆಂದ. ಪಕ್ಕದ ಹೊಲದ ಕಾಕಾ ಬಂದು ನಿಂತು ನೋಡಿದರು. "ಇದನ್ಯಾಕ ಹಿಂಗ ಬಿಗದೀಯೋ ತಮ್ಮಾ? ಎತ್ತಲ್ಲ ಅದು, ಓಡಿ ಹೋಗೂದಿಲ್ಲ" ಅಂದರು. ನಾನು ನಕ್ಕು ಸುಮ್ಮನಾದೆ.

ಮೊದಲ ಆರು ತಿಂಗಳು ಗೆದ್ದಿದ್ದು ಇವೇ. ಉಳಿದ ಎಲ್ಲಕ್ಕಿಂತ ಎತ್ತರ ಬೆಳೆದವು, ನೆಟ್ಟಗೆ ನಿಂತವು. ಆದರೆ ಕಾಂಡ ಮಾತ್ರ ಊದುಬತ್ತಿ. ಗಿಡ ಗಾಳಿಗೆ ಅಲ್ಲಾಡಿದರೇ ಬುಡ ದಪ್ಪ ಆಗುವುದು, ಬೇರು ಅಗಲಕ್ಕೆ ಹೋಗುವುದು. ಅಲ್ಲಾಡಲು ಬಿಡದಿದ್ದರೆ ಅದಕ್ಕೆ ಬರೀ ಮೇಲೆ ಹೋಗುವುದೊಂದೇ ಕೆಲಸ. ಮುಂದಿನ ಆಷಾಢದ ಗಾಳಿಗೆ ಒಂದು ಗಿಡ ಸರಿಯಾಗಿ ಮೇಲಿನ ಗಂಟಿನ ಹತ್ತಿರವೇ ಮುರಿಯಿತು. ಸುತಳಿ ಕತ್ತರಿಸಿ ನೋಡಿದೆ. ತೊಗಟೆಯೊಳಗೆ ಹೂತು ಹೋಗಿತ್ತು, ಉಗುರಿನಿಂದ ಕೆದರಿ ತೆಗೆಯಬೇಕಾಯಿತು. ಗಂಟಿನ ಮೇಲೆ ಕಾಂಡ ಉಬ್ಬಿತ್ತು, ಕೆಳಗೆ ಸಣ್ಣ. ಎಲೆ ಮಾಡಿದ ಆಹಾರ ತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕಲ್ವಾ? ಅಲ್ಲೇ ಕುತ್ತಿಗೆ ಹಿಸುಕಿದ್ದೆ. ಇನ್ನೊಂದರ ಸುತಳಿ ಅವತ್ತೇ ಬಿಚ್ಚಿದೆ. ಕೈ ಬಿಟ್ಟ ಕೂಡಲೇ ಬಿಲ್ಲಿನ ಹಾಗೆ ಬಾಗಿತು.

ಎರಡು ಗೂಟದ ಪದ್ಧತಿಗೆ ಕೆಲಸ ಜಾಸ್ತಿ. ಸಸಿಯಿಂದ ಒಂದೊಂದು ಅಡಿ ದೂರ, ಎರಡೂ ಬದಿಗೆ ಗೂಟ. ಬೇರಿನ ಉಂಡೆಗೆ ತಾಗಬಾರದು, ಅದಕ್ಕೇ ದೂರ. ಎರೆ ಮಣ್ಣಿನಲ್ಲಿ ಗೂಟ ಎರಡು ಅಡಿಯಾದರೂ ಇಳಿಯಬೇಕು. ನಾನು ಮೊದಲು ಒಂದೂವರೆ ಅಡಿ ಇಳಿಸಿದ್ದೆ. ಮಳೆಗೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಾರ್ಚ್ ಹೊತ್ತಿಗೆ ಗೂಟಗಳೇ ಜೋಲಿ ಹೊಡೆಯುತ್ತಿದ್ದವು. ಹಾರೆ ತಂದು ಮತ್ತೆ ನೆಟ್ಟೆ.

ಕಟ್ಟಲು ಸೈಕಲ್ ಟ್ಯೂಬ್. ಪಂಕ್ಚರ್ ಅಂಗಡಿಯವರು ಹಳೆಯದನ್ನು ಹಾಗೇ ಕೊಟ್ಟರು. ಎರಡು ಬೆರಳಗಲ ಪಟ್ಟಿ ಕತ್ತರಿಸಿ, ಗೂಟ ಮತ್ತು ಕಾಂಡದ ನಡುವೆ ಎಂಟರ ಆಕಾರದಲ್ಲಿ ಸುತ್ತಿದೆ. ಎಂಟು ಅಂದರೆ 8, ಕನ್ನಡದ ಎಂಟಲ್ಲ! ಆ ನಡುವಿನ ತಿರುವು ಇರುವುದರಿಂದ ಕಾಂಡ ಗೂಟಕ್ಕೆ ಉಜ್ಜುವುದಿಲ್ಲ. ಕಾಂಡದ ಸುತ್ತ ಒಂದು ಬೆರಳು ಸಲೀಸಾಗಿ ಓಡಾಡಬೇಕು.

ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದಕ್ಕೆ ಒಂದು ಉಪಾಯ ಇದೆ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಬುಡದಿಂದ ಮೇಲಕ್ಕೆ ಸರಿಸುತ್ತಾ ಹೋಗಿ. ಎಲ್ಲಿ ಹಿಡಿದಾಗ ತುದಿ ತಾನಾಗಿ ನೆಟ್ಟಗೆ ನಿಲ್ಲುತ್ತದೋ, ಅಲ್ಲಿಂದ ಅರ್ಧ ಅಡಿ ಮೇಲೆ ಒಂದೇ ಒಂದು ಕಟ್ಟು. ನನ್ನ ಬೇವಿಗೆ ಅದು ಸುಮಾರು ಎರಡು ಅಡಿಗೆ ಬಂತು. ಕಟ್ಟಿನ ಮೇಲಿನ ಭಾಗ ಪೂರ್ತಿ ಗಾಳಿಗೆ ಬಿಟ್ಟಿದ್ದು.

ಒಂದು ಗೂಟವನ್ನು ಗೆದ್ದಲು ತಿಂದು ಹಾಕಿತು. ಬಿಸಿಲಿಗೆ ಟ್ಯೂಬ್ ಒಂದು ವರ್ಷದಲ್ಲಿ ಸೀಳಿತು. ಅಷ್ಟೊತ್ತಿಗೆ ಬಿಚ್ಚುವ ಸಮಯವೂ ಆಗಿತ್ತು ಬಿಡಿ. ಬಿಚ್ಚಿದಾಗ ಎರಡೂ ಬೇವು ಅಲುಗಲಿಲ್ಲ. ಎತ್ತರದಲ್ಲಿ ಒಂಟಿ ಗಳದ ಗಿಡಕ್ಕಿಂತ ಒಂದು ಗೇಣು ಕಡಿಮೆ. ಬುಡ ಮಾತ್ರ ಅದರ ಎರಡರಷ್ಟು.

ಇನ್ನು ಏನೂ ಕಟ್ಟದ ಎರಡು. ಒಂದು ಮೊದಲ ಆಷಾಢದಲ್ಲೇ ವಾಲಿತು. ಮೆತ್ತಗಾದ ಎರೆ ಮಣ್ಣು, ಮೇಲಿಂದ ಪಡುವಣ ಗಾಳಿ. ಗದಗ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ. ಬುಡದ ಸುತ್ತ ತೂತು ಬಿದ್ದು ನೀರು ನಿಂತಿತ್ತು. ಎತ್ತಿ ನಿಲ್ಲಿಸಿ, ಮಣ್ಣು ಏರಿಸಿ, ಹಿಮ್ಮಡಿಯಿಂದ ತುಳಿದೆ. ಬದುಕಿತು, ಬುಡದಲ್ಲಿ ಸ್ವಲ್ಪ ಸೊಟ್ಟ ಉಳಿದಿದೆ. ಇನ್ನೊಂದು ಜಗ್ಗಲೇ ಇಲ್ಲ. ಈಗ ಇಡೀ ಬದುವಿನಲ್ಲಿ ಗಟ್ಟಿ ಗಿಡ ಅದೇ. ಹಿತ್ತಲಿನ ಹೊಂಗೆಯಲ್ಲೂ ಒಂದಕ್ಕೆ ಏನೂ ಕಟ್ಟಿರಲಿಲ್ಲ. ಅಲ್ಲಿ ಗಾಳಿಗೆ ಕಾಂಪೌಂಡ್ ಅಡ್ಡ, ಮಣ್ಣೂ ಗಟ್ಟಿ. ಏನೂ ಆಗಲಿಲ್ಲ.

ಎರಡನೇ ಹೊಂಗೆಗೆ ಕಬ್ಬಿಣದ ಟ್ರೀ ಗಾರ್ಡ್ ಹಾಕಿದ್ದೆ. ಅದು ಆಡು, ದನಕ್ಕೆ ಅಡ್ಡಿಯೇ ಹೊರತು ಗಿಡಕ್ಕೆ ಆಸರೆಯಲ್ಲ. ಗಾಳಿಗೆ ಕಾಂಡ ಮೇಲಿನ ಬಳೆಗೆ ಉಜ್ಜಿ ಗಾಯ ಆಯಿತು. ಆಡು ತಡೆಯುವುದಷ್ಟೇ ಆದರೆ ಜಾಲಿ ಮುಳ್ಳು ಸಾಕು, ದುಡ್ಡೂ ಬೇಕಿಲ್ಲ.

ಆಪೂಸ್ ಕಸಿಗೆ ನರ್ಸರಿಯವರೇ ಒಂದು ಸಣ್ಣ ಕಡ್ಡಿ ಕಟ್ಟಿ ಕೊಟ್ಟಿದ್ದರು. ಅದು ಸಾಗಿಸುವಾಗ ಕಸಿ ಮುರಿಯದಿರಲಿ ಅಂತ. ನೆಟ್ಟ ಮೇಲೂ ಹಾಗೇ ಬಿಡುವವರು ಬಹಳ. ನಾನು ತೆಗೆದು ಬೇರೆ ಗೂಟ ಕೊಟ್ಟೆ. ಕಸಿ ಸೇರಿದ ಮೇಲೆ ಅಲ್ಲಿ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನೂ ಬಿಚ್ಚಿದೆ. ಕಸಿಗೆ ಮಾತ್ರ ಮೊದಲ ವರ್ಷ ಆಸರೆ ಬೇಕೇ ಬೇಕು ಅನ್ನುತ್ತೇನೆ. ಕೂಡಿದ ಜಾಗ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ.

ಹಾಗಾದರೆ ನಾನು ಮಾಡುವುದು ಇಷ್ಟು. ಕೆಂಪು ಮಣ್ಣು, ಗಾಳಿ ಕಡಿಮೆ, ಸಸಿ ಮೂರ್ನಾಲ್ಕು ಅಡಿ ಇದ್ದರೆ ಏನೂ ಕಟ್ಟುವುದಿಲ್ಲ. ಎರೆ ಹೊಲದ ಬಯಲಿಗೆ ಎರಡು ಗೂಟ, ಟ್ಯೂಬ್. ಒಂದೇ ಗೂಟ ಸಿಕ್ಕರೆ ಪಡುವಣ ಬದಿಗೆ ನೆಡುತ್ತೇನೆ. ಆಗ ಮುಂಗಾರು ಗಾಳಿ ಗಿಡವನ್ನು ಗೂಟದಿಂದ ಆಚೆ ತಳ್ಳುತ್ತದೆ, ಗೂಟಕ್ಕೆ ಬಡಿಯುವುದಿಲ್ಲ. ಸುತಳಿ, ತಂತಿ ಎರಡನ್ನೂ ಹೊಲಕ್ಕೆ ಒಯ್ಯುವುದನ್ನೇ ಬಿಟ್ಟಿದ್ದೇನೆ. ಬಿಚ್ಚುವ ದಿನ ಮರೆಯದಿರಲಿ ಅಂತ ಕ್ಯಾಲೆಂಡರಿನಲ್ಲಿ ಮುಂದಿನ ಮಿರಗಕ್ಕೆ ಗುರುತು ಹಾಕುತ್ತೇನೆ.

ಬೇವಿನಿಂದ ಬಿಚ್ಚಿದ ಗೂಟ ಮೂರು ಉಳಿದಿದ್ದವು. ಹಿತ್ತಲಲ್ಲಿ ಈಗ ಅವುಗಳ ಮೇಲೆ ಹೀರೇಬಳ್ಳಿ ಹಬ್ಬಿದೆ.